ಒಂದು ಹಂದಿ ಮಾರಿದ್ರೆ ಎಷ್ಟು ಜೊತೆ ಶೂ ಬರುತ್ತೆ?

ಅವ್ವ ಬಂದು ಎರಡು ತಿಂಗಳಾಗಿತ್ತು. ಅಮೆರಿಕದ ಕೊಲಂಬಸ್‌ನಲ್ಲಿ, ನಾವಿರೋ ಊರಲ್ಲಿ, ಅವಳಿಗೆ ನೋಡೋಕೆ ಅಂತ ಇದ್ದದ್ದು ಮೂರೇ, ದೇವಸ್ಥಾನ, ಕಾಸ್ಟ್‌ಕೋ ಅಂಗಡಿ, ಆಮೇಲೆ ನಮ್ಮನೆ ಹಿತ್ತಿಲಿಗೆ ಬರೋ ಅಳಿಲು. ನಯಾಗರಾನೂ ತೋರ್ಸಾಗಿತ್ತು, ಇಷ್ಟೊಂದು ನೀರು ಸುಮ್ನೆ ಹರಿದು ಹೋಗ್ತೈತಲ್ಲೇ ಅಂತ ಸಂಕಟಪಟ್ಟುಕೊಂಡು ವಾಪಸ್ ಬಂದಿದ್ಲು, ಚಳ್ಳಕೆರೆ ಕಡೆ ಹೊಲ ಮಾಡಿದವಳು ಇನ್ನೇನು ಹೇಳ್ತಾಳೆ. ಆ ಶನಿವಾರ ನಮ್ಮನೆಯವರು ಎಲ್ಲಿಗಾದ್ರೂ ಹೋಗಣ ಅಂದಾಗ ನಾನು ಪಕ್ಕದ ರಾಜ್ಯ ಕೆಂಟಕಿಗೆ ಅಂದೆ. ಅಲ್ಲೇನಿದೆ ಅಂದ್ರು. ಒಂದು ಹಾಡಿದೆ ಅಂದೆ. ಅವರು ಏನೂ ಮಾತಾಡದೆ ಹೋಗಿ ಕಾರಿಗೆ ಪೆಟ್ರೋಲ್ ಹಾಕಿಸ್ಕೊಂಡು ಬಂದ್ರು. ನನ್ನ ಹಾಡಿನ ಹುಚ್ಚು ಹೊಸದೇನಲ್ಲ.

ಹಾಡು ಲೊರೆಟ್ಟಾ ಲಿನ್ ಅನ್ನೋ ಗಾಯಕಿದು, ಹೆಸರು 'ಕೋಲ್ ಮೈನರ್ಸ್ ಡಾಟರ್'. ಕಲ್ಲಿದ್ದಲು ಗಣಿಯವನ ಮಗಳು ಅಂತ. ನಾನು ಈ ದೇಶಕ್ಕೆ ಬಂದಾಗ ಕಂಟ್ರಿ ಮ್ಯೂಸಿಕ್ ಅಂದ್ರೆ ಕೌಬಾಯ್ ಹ್ಯಾಟು, ಪಿಕಪ್ ಟ್ರಕ್ಕು, ಬಿಯರ್ರು, ಬಿಟ್ಟು ಹೋದ ಹುಡುಗಿ, ಇಷ್ಟೇ ಅಂದ್ಕೊಂಡಿದ್ದೆ. ಮುಕ್ಕಾಲು ಪಾಲು ಅದು ನಿಜಾನೂ ಹೌದು ಬಿಡಿ. ಆದ್ರೆ ಒಂದ್ಸಲ ಆಫೀಸಿಂದ ವಾಪಸ್ ಬರೋವಾಗ ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡು ರೇಡಿಯೋ ಸ್ಟೇಷನ್ ಬದಲಾಯಿಸ್ತಾ ಇದ್ದಾಗ ಈ ಹಾಡು ಬಂತು, ಮಧ್ಯದಲ್ಲಿ ಎಲ್ಲೋ ಒಂದು ಹಂದಿ ಮಾರಿದ ದುಡ್ಡಲ್ಲಿ ಚಳಿಗಾಲಕ್ಕೆ ಮಕ್ಕಳಿಗೆಲ್ಲ ಹೊಸ ಶೂ ತರಿಸ್ತಿದ್ರು ಅನ್ನೋ ಸಾಲು ಕೇಳಿಸ್ತು, ನಾನು ಗ್ರೀನ್ ಸಿಗ್ನಲ್ ಬಿದ್ರೂ ಹಾಗೇ ನಿಂತುಬಿಟ್ಟಿದ್ದೆ, ಹಿಂದಿನವನು ಹಾರ್ನ್ ಹೊಡೆದ.

ಯಾಕಂದ್ರೆ ಅದು ನಮ್ಮನೆ ಕಥೆ. ನಾನು ಐದನೇ ಕ್ಲಾಸಿಗೆ ಹೋಗೋ ವರ್ಷ ಅಪ್ಪ ಟಗರು ಮಾರಿ ನಮಗೆ ಮೂರೂ ಜನಕ್ಕೆ ಚಪ್ಪಲಿ ಕೊಡಿಸಿದ್ದ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಈ ಕಥೆನ ನಾನು ಕಾಲೇಜಲ್ಲಿ ಹೇಳಿದೀನಿ, ಮದುವೆಗೆ ಮುಂಚೆ ನಮ್ಮನೆಯವರಿಗೆ ಹೇಳಿದೀನಿ, ಇಲ್ಲಿನ ಕನ್ನಡ ಸಂಘದ ಪಾಟ್‌ಲಕ್ಕಲ್ಲೂ ಹೇಳಿದೀನಿ. ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು, ಹಂಗಾಗಿ ಈಗೀಗ ಇನ್ನೂ ಜಾಸ್ತಿ ಹೇಳ್ತೀನಿ.

ಹಾಡಿನ ಊರು ಬುಚರ್ ಹಾಲೋ. ಹಾಲೋ ಅಂದ್ರೆ ಎರಡು ಗುಡ್ಡದ ನಡುವಿನ ಇಕ್ಕಟ್ಟಾದ ಕಣಿವೆ, ಆದ್ರೆ ಅಲ್ಲಿಯವರು ಅದನ್ನ 'ಹಾಲರ್' ಅಂತಾರೆ, ಲೊರೆಟ್ಟಾ ಹಾಡೋದೂ ಹಾಗೇ, ಹಾಗೆ ಹಾಡಿದ್ರೇನೇ ಅದಕ್ಕೆ 'ಡಾಲರ್' ಪ್ರಾಸ ಕೂಡೋದು. ಇನ್ನೊಂದು ಕಡೆ ದಣಿವಾಗಿದೆ ಅನ್ನೋ 'ಟಯರ್ಡ್' ಪದಾನ 'ಟಾರ್ಡ್' ಅಂತಾಳೆ, 'ಹಾರ್ಡ್'ಗೆ ಸರಿಹೋಗುತ್ತೆ. ಸ್ಕೂಲ್ ಮೇಷ್ಟ್ರು ಕೆಂಪು ಇಂಕಲ್ಲಿ ತಿದ್ದಿದ್ರೆ ಹಾಡು ಅಲ್ಲೇ ಮುಗಿದುಹೋಗ್ತಿತ್ತು. ನಾವು ಹಳ್ಳಿಯಿಂದ ಬಂದವರು ಪೇಟೆಗೆ ಬಂದ ಮೊದಲ ವಾರದಲ್ಲೇ ಐತೆನ ಇದೆ ಅಂತ ತಿದ್ದಿಕೊಳ್ತೀವಿ, ಈಯಮ್ಮ ತಿದ್ದಿಕೊಳ್ಳದೆ ನಂಬರ್ ಒನ್ ಆದ್ಲು.

ಲೊರೆಟ್ಟಾ ಹುಟ್ಟಿದ್ದು 1932ರಲ್ಲಿ, ಎಂಟು ಮಕ್ಕಳಲ್ಲಿ ಎರಡನೆಯವಳು. ಅಪ್ಪ ಟೆಡ್ ವೆಬ್, ಪಕ್ಕದ ವ್ಯಾನ್ ಲಿಯರ್ ಗಣಿಯಲ್ಲಿ ಕಲ್ಲಿದ್ದಲು ಗೋರೋ ಕೆಲಸ. ವ್ಯಾನ್ ಲಿಯರ್ ಅಂದ್ರೆ ತಾನಾಗೇ ಬೆಳೆದ ಊರಲ್ಲ, ಕಂಪನಿ ಕಟ್ಟಿದ ಊರು. ಇಂಥ ಕಂಪನಿ ಊರುಗಳಲ್ಲಿ ಮನೆ ಕಂಪನಿದು, ಅಂಗಡಿನೂ ಕಂಪನಿದೇ, ಎಷ್ಟೋ ಕಡೆ ಕೂಲಿನೂ ಆ ಅಂಗಡೀಲಿ ಮಾತ್ರ ನಡೆಯೋ ಬಿಲ್ಲೆಗಳಲ್ಲಿ ಕೊಡ್ತಿದ್ರು, ಅಂದ್ರೆ ಈ ಕೈಯಲ್ಲಿ ಕೊಟ್ಟಿದ್ದು ಆ ಕೈಗೆ ವಾಪಸ್. ಅದಕ್ಕೇ ಗುಡ್ಡದ ಮೇಲೆ ಮನೆ ಇದ್ದೋರೆಲ್ಲ ಒಂಚೂರು ಜೋಳ, ತರಕಾರಿ, ಒಂದೆರಡು ಹಂದಿ ಇಟ್ಕೊಂಡಿರೋರು. ಕಂಪನಿ ಲೆಕ್ಕದ ಹೊರಗೆ ಅವರದ್ದು ಅಂತ ಇದ್ದದ್ದು ಅಷ್ಟೇ.

ಮೂರು ನಿಮಿಷದ ಹಾಡು ಈ ಎಲ್ಲದಕ್ಕೂ ಒಂದು ಲೆಕ್ಕದ ಪುಸ್ತಕ ಇದ್ದಂಗಿದೆ. ನನಗೆ ಅದು ಹಿಡಿಸಿದ್ದೇ ಇದಕ್ಕೆ. ಅಯ್ಯೋ ಬಡತನವೇ ಅಂತ ಎಲ್ಲೂ ಗೋಳಾಡಲ್ಲ. ಅಪ್ಪ ರಾತ್ರಿ ಎಲ್ಲಿ ಕೆಲಸ ಮಾಡ್ತಿದ್ದ, ಹಗಲು ಎಲ್ಲಿ, ಅವ್ವ ರಾತ್ರಿ ಮಗು ತೂಗಿಕೊಂಡು ಸೀಮೆಎಣ್ಣೆ ದೀಪದಲ್ಲಿ ಬೈಬಲ್ ಓದ್ತಿದ್ದದ್ದು, ಬೇಸಿಗೆಗೆ ಬರಿಗಾಲು, ಚಳಿಗಾಲಕ್ಕೆ ಪೋಸ್ಟಲ್ಲಿ ಬರೋ ಶೂ, ಆ ಶೂ ದುಡ್ಡು ಎಲ್ಲಿಂದ ಬಂತು, ನೀರು ಯಾವ ಬಾವಿಯಿಂದ. ಹಿಂದೆ ಬ್ಯಾಂಜೋ ಕಟಕಟ ಅಂತ ಓಡ್ತಾ ಇರುತ್ತೆ, ನಡುವೆ ಶ್ರುತಿ ಒಂದು ಮೆಟ್ಟಿಲು ಏರುತ್ತೆ, ಅವಳ ದನಿ ಮಾತ್ರ ಪಟ್ಟಿ ಓದೋ ಹಂಗೆ ಸೀದಾ ಹೋಗ್ತಾ ಇರುತ್ತೆ.

ಮೊದಲು ಬರೆದಾಗ ಇನ್ನೂ ಉದ್ದ ಇತ್ತಂತೆ. ರೆಕಾರ್ಡಿಂಗ್ ಆಗಿದ್ದು 1969ರ ಅಕ್ಟೋಬರಲ್ಲಿ, ನ್ಯಾಶ್‌ವಿಲ್ ಹತ್ರ ಮೌಂಟ್ ಜೂಲಿಯಟ್ ಅನ್ನೋ ಊರಲ್ಲಿ ಓವನ್ ಬ್ರಾಡ್ಲಿ ಅವರ ಸ್ಟುಡಿಯೋದಲ್ಲಿ. ಅದು ಕೊಟ್ಟಿಗೆನ ಸ್ಟುಡಿಯೋ ಮಾಡಿದ್ದು, ಹೆಸರೇ ಬ್ರಾಡ್ಲೀಸ್ ಬಾರ್ನ್. ಬ್ರಾಡ್ಲಿ ಇವಳ ನುಡಿಗಳ ಉದ್ದ ನೋಡಿ 'ಎಲ್ ಪಾಸೋ' ಅಂತ ಒಂದು ಮಾರುದ್ದದ ಹಾಡು ಆಗ್ಲೇ ಬಂದಿದೆ, ಇನ್ನೊಂದು ಬೇಡ, ಕತ್ತರಿಸು ಅನ್ನೋ ಅರ್ಥದಲ್ಲಿ ಹೇಳಿದ್ರಂತೆ. ಈಕೆ ಕೂತು ಒಂದೊಂದೇ ನುಡಿ ಹೊಡೆದು ಹಾಕಿದ್ಲು, ಆ ಹಾಳೆ ಅಲ್ಲೇ ಎಲ್ಲೋ ಬಿಟ್ಟು ಬಂದ್ಲು, ಆಮೇಲೆ ಏನು ಬರೆದಿದ್ದೆ ಅಂತ ಅವಳಿಗೇ ನೆನಪಾಗ್ಲಿಲ್ಲ. ಜಗತ್ತಿನಲ್ಲಿ ಕಳೆದುಹೋದ ಹಾಳೆಗಳಲ್ಲಿ ನನಗೆ ಬೇಕು ಅನ್ನಿಸೋದು ಇದೊಂದೇ.

ಹೋಗ್ಲಿ. ನಾವು ಹೊರಟಿದ್ದು ಯುಎಸ್ 23 ಹೆದ್ದಾರಿ ಹಿಡ್ಕೊಂಡು, ಕೊಲಂಬಸ್‌ನಿಂದ ಸೀದಾ ದಕ್ಷಿಣಕ್ಕೆ. ಸರ್ಕಲ್‌ವಿಲ್‌ನಲ್ಲಿ ಕುಂಬಳಕಾಯಿ ಜಾತ್ರೆ ಇತ್ತು, ಅಲ್ಲೇ ಮುಕ್ಕಾಲು ಗಂಟೆ ಹೋಯ್ತು. ಎತ್ತಿನ ಗಾಡಿ ಚಕ್ರದಷ್ಟು ಗಾತ್ರದ ಕುಂಬಳಕಾಯಿ ನೋಡಿ ಅವ್ವ, ಇದನ್ನ ತಿಂತಾರಾ ಅಂದ್ಲು, ಇಲ್ಲ ತೂಕ ಹಾಕಿ ಪ್ರೈಜ್ ಕೊಡ್ತಾರೆ ಅಂದೆ, ಮುಖ ಆ ಕಡೆ ತಿರುಗಿಸ್ಕೊಂಡ್ಲು. ಚಿಲ್ಲಿಕೋತಿ ದಾಟಿ ಪೋರ್ಟ್ಸ್‌ಮತ್‌ನಲ್ಲಿ ಓಹಾಯೋ ನದಿ ಸೇತುವೆ ಹತ್ತಿ ಆ ಕಡೆ ಇಳಿದ್ರೆ ಕೆಂಟಕಿ. ಅಲ್ಲಿಂದ ಆಶ್‌ಲ್ಯಾಂಡ್, ಲೂಯಿಸಾ, ಪೇಂಟ್ಸ್‌ವಿಲ್. ರಸ್ತೆ ಬದಿ ಬೋರ್ಡುಗಳಲ್ಲಿ ಕಂಟ್ರಿ ಮ್ಯೂಸಿಕ್ ಹೈವೇ ಅಂತ ಬರೆದಿದೆ, ಅಷ್ಟು ಜನ ಹಾಡುಗಾರರು ಈ ಒಂದು ರಸ್ತೆಯ ಆಜುಬಾಜಿನವರು.

ಆದ್ರೆ ಈ ರಸ್ತೆಗೆ ಇನ್ನೊಂದು ಹೆಸರೂ ಉಂಟು, ಹಿಲ್‌ಬಿಲ್ಲಿ ಹೈವೇ, ಅಂದ್ರೆ ಗುಡ್ಡಗಾಡಿನ ಹಳ್ಳಿಗರ ರಸ್ತೆ. ಆಫೀಸಲ್ಲಿ ನನ್ನ ಪಕ್ಕದ ಸೀಟಿನವರ ತಾತ ಕೆಂಟಕಿಯವರೇ. ಎರಡನೇ ಮಹಾಯುದ್ಧ ಆದ್ಮೇಲೆ ಗಣಿಗಳಲ್ಲಿ ಮೆಷಿನ್ನು ಬಂದು ಕೆಲಸ ಹೋದಾಗ ಲಕ್ಷಗಟ್ಟಲೆ ಜನ ಇದೇ ತರದ ರಸ್ತೆಗಳಲ್ಲಿ ಉತ್ತರಕ್ಕೆ ಹೋದ್ರು, ಕೊಲಂಬಸ್ಸು, ಡೆಟ್ರಾಯಿಟ್ಟು, ಕಾರು ಫ್ಯಾಕ್ಟರಿಗಳು. ಅವರ ಕಡೆ ಶಾಲೇಲಿ ಕಲಿಸೋದು ಮೂರೇ ಪಾಠ, ಓದೋದು, ಬರೆಯೋದು, ರೂಟ್ 23 ಹಿಡಿಯೋದು ಅಂತ ಜೋಕ್ ಇದೆ. ಅವರು ಅದನ್ನ ಹೇಳಿ ನಕ್ಕಾಗ ನಾನೂ ನಕ್ಕೆ. ನಮ್ಮೂರಲ್ಲಿ ಕಲಿತದ್ದೂ ಅದೇ ಮೂರು ಪಾಠ, ನಮ್ಮದು ಬೆಂಗಳೂರು ಬಸ್ಸು ಅಷ್ಟೇ. ಲೊರೆಟ್ಟಾ ಅಪ್ಪನೂ ಕೆಲಸ ಹೋಗಿ ಕೊನೆಗೆ ಸಂಸಾರ ಕಟ್ಕೊಂಡು ಇಂಡಿಯಾನಾದ ವಾಬಾಷ್ ಅನ್ನೋ ಊರಿಗೆ ಹೋದ. ಹಾಡಿನಲ್ಲಿ ಅದು ಇಲ್ಲ.

ಪೇಂಟ್ಸ್‌ವಿಲ್ ಹತ್ರ ಬರ್ತಾ ಬರ್ತಾ ಗುಡ್ಡಗಳು ಎರಡೂ ಕಡೆಯಿಂದ ಒತ್ತರಿಸಿಕೊಂಡು ಬಂದವು. ಅವ್ವ ಅಷ್ಟು ಹೊತ್ತು ತೂಕಡಿಸ್ತಿದ್ದವಳು ಮಂಕಿ ಕ್ಯಾಪ್ ಮೇಲೆ ಸರಿಸಿ ಕಿಟಕಿ ಕಡೆ ನೋಡಿ, ಇಲ್ಲಿ ಹೊಲ ಎಲ್ಲೇ ಮಾಡ್ತಾರೆ? ಅಂದ್ಲು. ಮರಗಳೆಲ್ಲ ಕೆಂಪು ಹಳದಿ ಆಗಿ ಬೆಂಕಿ ಬಿದ್ದಂಗೆ ಕಾಣ್ತಿದ್ವು, ನಾನು ಫೋಟೋ ತೆಗೀತಿದ್ದೆ, ಅವಳಿಗೆ ಹೊಲ ಬೇಕು. ಸಪಾಟು ನೆಲ ಅನ್ನೋದೇ ಇಲ್ಲ ಅಲ್ಲಿ, ಹಳ್ಳದ ಪಕ್ಕ ಒಂದು ಸೀಳು, ಅದನ್ನ ರಸ್ತೆ ತಗೊಂಡಿದೆ, ಉಳಿದಿದ್ದೆಲ್ಲ ಇಳಿಜಾರು. ಲೊರೆಟ್ಟಾ ಅಪ್ಪ ಹಗಲೆಲ್ಲ ಜೋಳದ ಹೊಲದಲ್ಲಿ ಕಳೆ ಕೀಳ್ತಿದ್ದ ಅನ್ನೋ ಸಾಲು ನಾನು ನೂರು ಸಲ ಕೇಳಿದೀನಿ, ಆ ಹೊಲ ಗೋಡೆಗೆ ಒರಗಿಸಿದ ಏಣಿ ತರ ಇರುತ್ತೆ ಅಂತ ನನಗೆ ಹೊಳೆದಿರ್ಲಿಲ್ಲ.

ಅಲ್ಲಿ ಹಾಡು ಹಾಕಿದೆ. ಒಂದೊಂದು ಸಾಲು ಮುಗಿದ ಮೇಲೆ ಪಾಸ್ ಮಾಡಿ ಅವ್ವಂಗೆ ಕನ್ನಡದಲ್ಲಿ ಹೇಳ್ತಾ ಹೋದೆ.

ಅವರಪ್ಪ ರಾತ್ರಿಯೆಲ್ಲ ಗಣಿಯಲ್ಲಿ, ಹಗಲೆಲ್ಲ ಹೊಲದಲ್ಲಿ ಅಂದೆ.

"ಮತ್ತೆ ನಿದ್ದೆ ಯಾವಾಗ ಮಾಡ್ತಿದ್ನಂತೆ?"

ಅದು ಹಾಡು ಕಣವ್ವ ಅಂದೆ.

"ಹಾಡಾದ್ರೇನೇ, ಮನುಷ್ಯ ಅಲ್ವಾ."

ಸರಿ, ಹಂದಿ ಮಾರಿ ಎಲ್ಲಾರಿಗೂ ಶೂ ತರಿಸ್ತಿದ್ರು ಅಂದೆ. ಎಷ್ಟು ಮಕ್ಕಳು ಅಂದ್ಲು. ಎಂಟು ಅಂದೆ. ಬೆರಳು ಮಡಿಚಿ ಮಡಿಚಿ ಲೆಕ್ಕ ಹಾಕಿದ್ಲು. ಒಂದು ಹಂದಿಗೆ ಎಂಟು ಜೊತೆ ಬರಲ್ಲ ಕಣೇ, ಚಿಕ್ಕವು ದೊಡ್ಡವರದ್ದು ಹಾಕ್ಕೊಂಡಿರ್ತಾವೆ, ಇಲ್ಲಾಂದ್ರೆ ಒಂದೆರಡು ಇನ್ನೂ ಹುಟ್ಟಿರಲ್ಲ ಅಂದ್ಲು. ನಮ್ಮನೆಯವರು ಸ್ಟೀರಿಂಗ್ ಹಿಡ್ಕೊಂಡೇ ನಕ್ಕರು. ತಮಾಷೆ ಏನಂದ್ರೆ ಅವ್ವ ಹೇಳಿದ್ದು ಸರಿಯಾಗೇ ಇದೆ. ಕೊನೇ ತಂಗಿ, ಆಮೇಲೆ ಕ್ರಿಸ್ಟಲ್ ಗೇಲ್ ಅಂತ ಹೆಸರಾದ ಗಾಯಕಿ, ಹುಟ್ಟೋ ಹೊತ್ತಿಗೆ ಲೊರೆಟ್ಟಾಗೆ ಮದುವೆಯಾಗಿ ಮಕ್ಕಳೂ ಆಗಿದ್ವು. ಎಂಟು ಜನ ಒಂದೇ ಚಳಿಗಾಲದಲ್ಲಿ ಆ ಮನೇಲಿ ಇರೋಕೆ ಸಾಧ್ಯಾನೇ ಇರ್ಲಿಲ್ಲ.

ಮದುವೆ ಅಂದೆನಲ್ಲ, 1948ರ ಜನವರಿಯಲ್ಲಿ, ಅವಳಿಗೆ ಹದಿನೈದು. ಬಹಳ ವರ್ಷ ಹದಿಮೂರು ಅಂತಾನೇ ಹೇಳ್ಕೊಂಡು ಬಂದಿದ್ಲು, 2012ರಲ್ಲಿ ಪತ್ರಕರ್ತರು ಜನನ ದಾಖಲೆ ತೆಗೆದು ನೋಡಿದಾಗ ಹದಿನೈದು ಅಂತ ಗೊತ್ತಾಯ್ತು. ಅದನ್ನ ದೊಡ್ಡ ಸುಳ್ಳು ಅನ್ನೋ ಹಂಗೆ ಬರೆದ್ರು ಕೆಲವರು. ಹದಿನೈದಕ್ಕೆ ಮದುವೆಯಾಗಿ ಗಂಡನ ಜೊತೆ ದೇಶದ ಇನ್ನೊಂದು ತುದಿ ವಾಷಿಂಗ್ಟನ್ ರಾಜ್ಯಕ್ಕೆ ಹೋಗಿ ಸಣ್ಣ ವಯಸ್ಸಲ್ಲೇ ನಾಕು ಮಕ್ಕಳ ತಾಯಿ, ಇದರಲ್ಲಿ ಎರಡು ವರ್ಷ ಆಚೆ ಈಚೆ ಆದ್ರೆ ಏನು ಕಡಿಮೆಯಾಗುತ್ತೆ ನಂಗೊತ್ತಿಲ್ಲ. ನಮ್ಮವ್ವನ ವಯಸ್ಸು ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟ್ ಮಾಡಿಸೋಕೆ ಎರಡು ಸಲ ಅಫಿಡವಿಟ್ ಮಾಡ್ಸಿದೀವಿ. ಲೊರೆಟ್ಟಾ ಗಂಡಾನೇ ಹದಿನೇಳು ಡಾಲರಿನ ಗಿಟಾರ್ ತಂದುಕೊಟ್ಟಿದ್ದು, ಅವಳ ಮೊದಲ ರೆಕಾರ್ಡ್ ಬಂದದ್ದು 1960ರಲ್ಲಿ. ಅಪ್ಪ ಅದಕ್ಕೆ ಒಂದು ವರ್ಷ ಮುಂಚೇನೇ ತೀರಿಕೊಂಡಿದ್ದ, ಐವತ್ತೆರಡಕ್ಕೆ. ಮಗಳು ರೇಡಿಯೋದಲ್ಲಿ ಹಾಡಿದ್ದನ್ನ ಆತ ಕೇಳ್ಲೇ ಇಲ್ಲ. ಶ್ವಾಸಕೋಶದಲ್ಲಿ ಕಲ್ಲಿದ್ದಲು ಧೂಳು ಕೂತು ಬರೋ ಬ್ಲ್ಯಾಕ್ ಲಂಗ್ ಕಾಯಿಲೆ ಇತ್ತು ಅವನಿಗೆ. ಹಾಡಿನಲ್ಲಿ ಅದೂ ಇಲ್ಲ.

ಇದನ್ನ ನಾನು ತಪ್ಪು ಅಂತ ಹೇಳ್ತಿಲ್ಲ, ಆದ್ರೆ ಹಾಡು ಬಂದ ಟೈಮ್ ನೋಡಿದ್ರೆ ಮೈ ಜುಮ್ಮನ್ನುತ್ತೆ. 1968ರ ನವೆಂಬರಲ್ಲಿ ಪಕ್ಕದ ವೆಸ್ಟ್ ವರ್ಜೀನಿಯಾದ ಫಾರ್ಮಿಂಗ್‌ಟನ್ ಗಣಿ ಸ್ಫೋಟ ಆಗಿ 78 ಜನ ಸತ್ತರು. ಮಾರನೇ ವರ್ಷ ಅಲ್ಲಿನ ಗಣಿಯವರು ಈ ಶ್ವಾಸಕೋಶದ ಕಾಯಿಲೆಗೆ ಪರಿಹಾರ ಕೊಡಿ ಅಂತ ಕೆಲಸ ನಿಲ್ಲಿಸಿ ಕೂತ್ರು, 1969ರ ಡಿಸೆಂಬರ್ 30ಕ್ಕೆ ಗಣಿ ಸುರಕ್ಷತೆಯ ಹೊಸ ಕಾನೂನಿಗೆ ಸಹಿ ಬಿತ್ತು. ಹಾಡು ರೆಕಾರ್ಡ್ ಆಗಿದ್ದು ಇದರ ಮಧ್ಯೆ. ಹೊರಗೆ ಬಂದದ್ದು 1970ರ ಅಕ್ಟೋಬರಲ್ಲಿ, ಡಿಸೆಂಬರ್ 19ಕ್ಕೆ ಕಂಟ್ರಿ ಚಾರ್ಟಲ್ಲಿ ನಂಬರ್ ಒನ್. ಹನ್ನೊಂದು ದಿನ ಬಿಟ್ಟು, ಕಾನೂನಿಗೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, ಕೆಂಟಕಿಯ ಹೈಡನ್ ಅನ್ನೋ ಊರಿನ ಹತ್ರ ಗಣಿ ಸ್ಫೋಟ, 38 ಜನ. ಆ ವಾರ ಕೆಂಟಕಿಯ ಎಷ್ಟು ಮನೆಗಳಲ್ಲಿ ರೇಡಿಯೋದಲ್ಲಿ ಈ ಹಾಡು ಬರ್ತಿತ್ತೋ, ಎಷ್ಟು ಮನೆಯವರು ಆಫ್ ಮಾಡಿದ್ರೋ. ಸತ್ತವರ ಮಕ್ಕಳಿಗಾಗಿ ಲೊರೆಟ್ಟಾ ಆಮೇಲೆ ಲೂಯಿವಿಲ್‌ನಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮ ಮಾಡಿದ್ಲು.

ಕಾರಲ್ಲಿ ಮುಂದಿನ ಸಾಲು ಬಂತು. ಲೊರೆಟ್ಟಾ ಅವ್ವ ಬಟ್ಟೆ ಉಜ್ಜಿ ಉಜ್ಜಿ ಬೆರಳಲ್ಲಿ ರಕ್ತ ಬರ್ತಿತ್ತು, ಆದ್ರೂ ಒಂದು ಮಾತು ಗೊಣಗ್ತಿರ್ಲಿಲ್ಲ, ಎಲ್ಲ ಅರ್ಥ ಮಾಡಿಕೊಂಡವಳಂಗೆ ನಗ್ತಿದ್ಲು ಅಂತ. ಅಲ್ಲಿ ಬಟ್ಟೆ ಒಗೆಯೋದು ಕಲ್ಲಿನ ಮೇಲಲ್ಲ, ತಗಡಿನ ಗೀರು ಗೀರು ಹಲಗೆ ಇರುತ್ತೆ, ಅದರ ಮೇಲೆ ಉಜ್ಜೋದು, ಗಣಿ ಬಟ್ಟೆಯ ಮಸಿ ಬೇರೆ. ಇದನ್ನ ಹೇಳುವಾಗ ನನ್ನ ಗಂಟಲು ಒಂಚೂರು ಕಟ್ಟಿತು, ಯಾಕಂದ್ರೆ ನಂಗೆ ನೆನಪಾಗೋದು ಶೇಂಗಾ. ಬಿತ್ತನೆ ಬೀಜಕ್ಕೆ ಶೇಂಗಾ ಮೆಷಿನ್ನಿಗೆ ಹಾಕಂಗಿಲ್ಲ, ಬೀಜ ಒಡೆದುಹೋಗುತ್ತೆ, ಕೈಯಲ್ಲೇ ಸುಲೀಬೇಕು. ಮಳೆಗೆ ಮುಂಚೆ ಮೂಟೆಗಟ್ಟಲೆ. ಅವ್ವ ಬಾಯಲ್ಲಿ ಒಂದೊಂದ್ಸಲ ಕಚ್ಚಿ, ಹೆಬ್ಬೆರಳು ತೋರುಬೆರಳಲ್ಲಿ ಚಟ್ ಚಟ್ ಅಂತ ಒಡೀತಾ ರಾತ್ರಿ ಹನ್ನೊಂದರ ತನಕ ಕೂತಿರೋಳು, ಮೂರನೇ ದಿನಕ್ಕೆ ಹೆಬ್ಬೆರಳಿನ ಉಗುರು ಸಂದೀಲಿ ಸೀಳು ಬಿಟ್ಟು ರಕ್ತ, ಅದಕ್ಕೆ ಬಟ್ಟೆ ಚೂರು ಸುತ್ತಿಕೊಂಡು ಮತ್ತೆ ಚಟ್ ಚಟ್. ಬೆಳಿಗ್ಗೆ ಮುದ್ದೆ ಕಟ್ಟೋವಾಗ ಬಿಸಿ ತಾಗಿ ಸ್ ಅನ್ನೋಳು. ಅಷ್ಟೇ. ಅವ್ವ ಗೊಣಗಿದ್ದು ನಾನು ಕೇಳೇ ಇಲ್ಲ ಅಂತ ಹಾಡಿನವಳ ತರಾನೇ ನಾನೂ ಎಲ್ಲಾರ ಹತ್ರ ಹೇಳ್ಕೊಂಡು ಬಂದಿದೀನಿ.

ಅವ್ವ ಸ್ವಲ್ಪ ಹೊತ್ತು ಸುಮ್ನಿದ್ಲು. ಆಮೇಲೆ,

"ನಗ್ತಿದ್ಲಂತಾ?"

ಹೂಂ.

"ಮಕ್ಕಳ ಮುಂದೆ ನಕ್ಕಿರ್ತಾಳೆ. ಬಾವಿ ಹತ್ರ ಏನಂದ್ಲೋ ಇವಳಿಗೇನು ಗೊತ್ತು."

ನಾನು ನೀನೂ ಹಂಗೇನಾ ಅಂತ ಕೇಳಿದೆ. ಅವಳು ಕಿಟಕಿ ಕಡೆ ತಿರುಗಿ, ನಿಮ್ಮ ದೊಡ್ಡವ್ವನ್ನ ಕೇಳು, ಅವಳ ಹತ್ರ ಅಂದಷ್ಟು ದೇವರ ಹತ್ರಾನೂ ಅಂದಿಲ್ಲ ಅಂದ್ಲು.

ಈ ಮಾತು ಆದ್ಮೇಲೆ ಲೊರೆಟ್ಟಾ ಬಗ್ಗೆ ಒಂದು ವಿಷಯ ನನಗೆ ಬೇರೆ ತರ ಕಾಣ್ತು. ಈ ಹಾಡಿನ ಅವ್ವ ಗೊಣಗಲ್ಲ, ಸರಿ. ಆದ್ರೆ ಹಾಡು ಬರೆದ ಮಗಳು ಜೀವನವೆಲ್ಲ ಗೊಣಗಿಯೇ ಹೆಸರು ಮಾಡಿದವಳು. ಕುಡಿದು ಮನೆಗೆ ಬಂದು ಮೈಮೇಲೆ ಬೀಳಬೇಡ ಅಂತ ಗಂಡನಿಗೆ ಬೈಯೋದು ಅವಳ ಮೊದಲ ನಂಬರ್ ಒನ್ ಹಾಡು. 1975ರಲ್ಲಿ ಗರ್ಭನಿರೋಧಕ ಗುಳಿಗೆ ಬಗ್ಗೆ 'ದಿ ಪಿಲ್' ಅಂತ ಹಾಡಿದಾಗ ಎಷ್ಟೋ ರೇಡಿಯೋ ಸ್ಟೇಷನ್‌ಗಳು ಹಾಕೋದೇ ಇಲ್ಲ ಅಂದ್ವು, ವರ್ಷ ವರ್ಷ ಹೆತ್ತು ಸಾಕಾಯ್ತು ಅಂತ ಹೆಂಗಸು ಬಾಯಿಬಿಟ್ಟು ಹೇಳಿದ್ದು ಅವರಿಗೆ ತಡ್ಕೊಳ್ಳೋಕಾಗ್ಲಿಲ್ಲ. ಜನಕ್ಕೆ ಇಷ್ಟ ಆಗೋದು ನಗೋ ಅವ್ವ. ಕಷ್ಟದಲ್ಲೂ ಕುಗ್ಗದ ಹಳ್ಳಿ ಜೀವ ಅಂತ ಈ ಹಾಡನ್ನ ಹೊಗಳೋರು ಜಾಸ್ತಿ ಜನ ಹಳ್ಳಿ ಬಿಟ್ಟು ಬಂದೋರೇ, ನನ್ನನ್ನೂ ಸೇರಿಸಿ. ಈ ಹಾಡಿನ ಹೆಸರಲ್ಲೇ 1980ರಲ್ಲಿ ಸಿನಿಮಾ ಬಂತು, ಲೊರೆಟ್ಟಾ ಪಾತ್ರ ಮಾಡಿದ ಸಿಸ್ಸಿ ಸ್ಪೇಸೆಕ್‌ಗೆ ಆಸ್ಕರ್ ಕೂಡ ಬಂತು, ಅದು ಹೋಗ್ಲಿ, ನಾನು ಅದನ್ನ ಅರ್ಧಕ್ಕೆ ನಿಲ್ಲಿಸಿದೀನಿ, ಆ ಹಾಡು ಕೇಳಿ ನನ್ನ ತಲೇಲಿ ಕಟ್ಟಿಕೊಂಡಿದ್ದ ಮನೆ ಕೆಟ್ಟುಹೋಗುತ್ತೆ ಅಂತ.

ಮನೆ ನಿಜವಾಗ್ಲೂ ಇದೆ. ವ್ಯಾನ್ ಲಿಯರ್ ದಾಟಿ ಕಣಿವೆ ಒಳಗೆ ಹೋಗೋ ದಾರಿ ಹೋಗ್ತಾ ಹೋಗ್ತಾ ಒಂದೇ ಕಾರಿನ ಅಗಲ ಆಗುತ್ತೆ, ಎದುರಿಗೆ ಗಾಡಿ ಬಂದ್ರೆ ಯಾರೋ ಒಬ್ಬರು ಹಿಂದಕ್ಕೆ ತಗೋಬೇಕು. ಕೊನೇಲಿ ಗುಡ್ಡದ ಓರೆಯಲ್ಲಿ ಮರದ ಮನೆ, ಮುಂದೆ ಜಗಲಿ. ಹಾಡಿನ ಕೊನೇಲಿ ಅವಳು ವಾಪಸ್ ಬಂದು ನೋಡಿದಾಗ ಇಲ್ಲಿ ನೆಲ ಬಿಟ್ರೆ ಹೆಚ್ಚೇನೂ ಉಳಿದಿಲ್ಲ, ನೆನಪುಗಳು ಮಾತ್ರ ಇರೋದು ಅಂತಾಳೆ. ಈಗ ಆ ಮನೆನ ರಿಪೇರಿ ಮಾಡಿ ಉಳಿಸಿದಾರೆ, ನಮ್ಮಂಥ ಹುಚ್ಚರು ನೋಡೋಕೆ ಬರ್ತಾರೆ ಅಂತ. ಕೆಲಸ ಇಲ್ಲ ಅಂತ ಜನ ಬಿಟ್ಟು ಹೋದ ಮನೆಗೆ ಹಾಡೇ ಮತ್ತೆ ಜನರನ್ನ ಕರ್ಕೊಂಡು ಬಂತು. ಒಳಗಿನ ಗೋಡೆಗೆ ಆಗ ಚಳಿ ತಡೆಯೋಕೆ ಪತ್ರಿಕೆ ಹಾಳೆಗಳನ್ನ ಅಂಟಿಸ್ತಿದ್ರಂತೆ, ಅದರಲ್ಲಿದ್ದ ಸಿನಿಮಾ ನಟಿ ಲೊರೆಟ್ಟಾ ಯಂಗ್ ಹೆಸರನ್ನೇ ಮಗಳಿಗೆ ಇಟ್ಟದ್ದು. ನಾವು ಹೋಗೋ ಹೊತ್ತಿಗೆ ಸಂಜೆಯಾಗಿತ್ತು, ಒಳಗೆ ಹೋಗ್ಲಿಲ್ಲ. ಹೊರಗಿಂದಾನೇ ನೋಡಿದ್ವಿ. ನಾಕು ಗಂಟೆಗೇ ಬಿಸಿಲು ಗುಡ್ಡದ ಹಿಂದೆ ಹೋಗಿತ್ತು, ಮನೆ ಮೇಲೆ ಆಗ್ಲೇ ನೆರಳು.

ಕಾರಿನ ಬಾನೆಟ್ ಮೇಲೆ ಡಬ್ಬಿ ಇಟ್ಕೊಂಡು ಮೊಸರನ್ನ ತಿಂದ್ವಿ. ಅವ್ವ ಮನೆಯ ಹಿಂದಿನ ಇಳಿಜಾರನ್ನ ನೋಡ್ತಾ ಇದ್ಲು.

"ಹಂದಿ ಗೂಡು ಎಲ್ಲಿತ್ತಂತೆ?"

ನಂಗೆ ಗೊತ್ತಿರ್ಲಿಲ್ಲ. ಹಾಡಲ್ಲಿ ಅದಿಲ್ಲ ಅಂದೆ, ಅಪ್ಪ ಹೆಂಗೋ ದುಡ್ಡು ಹೊಂದಿಸ್ತಿದ್ದ ಅಂತಷ್ಟೇ ಇದೆ ಅಂದೆ.

"ಅಪ್ಪ ರಾತ್ರಿ ಗಣಿ ಒಳಗೆ, ಹಗಲು ಹೊಲದಾಗೆ. ಮತ್ತೆ ಹಂದಿಗೆ ಮುಸುರೆ ಹಾಕ್ತಿದ್ದೋರು ಯಾರು?"

ನಮ್ಮನೆಯವರು ಸ್ಪೂನ್ ಹಿಡ್ಕೊಂಡು ನನ್ನ ಕಡೆ ನೋಡಿದ್ರು. ಆ ಟಗರನ್ನ ಕಟ್ಟಿದ್ದು ಹಿತ್ತಿಲ ಬೇವಿನ ಮರಕ್ಕೆ. ಅಪ್ಪ ಅದನ್ನ ಸಂತೆಗೆ ಹೊಡ್ಕೊಂಡು ಹೋದದ್ದು, ಸಂಜೆ ಬಸ್ಸಿಂದ ಚಪ್ಪಲಿ ಚೀಲ ಹಿಡ್ಕೊಂಡು ಇಳಿದದ್ದು ನನಗೆ ಈಗ್ಲೂ ಕಣ್ಣಿಗೆ ಕಟ್ಟಿದಂಗಿದೆ. ಅದಕ್ಕಿಂತ ಹಿಂದಿನ ಎಂಟು ಹತ್ತು ತಿಂಗಳು ಹೊಲದಿಂದ ಬರೋವಾಗೆಲ್ಲ ತಲೆ ಮೇಲೆ ಶೇಂಗಾ ಬಳ್ಳಿ ಹೊರೆ, ಸೆರಗಲ್ಲಿ ಜಾಲಿಕಾಯಿ. ಅದನ್ನ ಕೆಳಗೆ ಹಾಕೋ ಸದ್ದು ಕೇಳಿದ್ರೆ ಟಗರು ಹಗ್ಗ ಜಗ್ಗಿಕೊಂಡು ಎದ್ದು ನಿಲ್ತಿತ್ತು.

ಅವ್ವ ನನ್ನ ಕೈಯಿಂದ ಡಬ್ಬಿ ಇಸ್ಕೊಂಡು, ಉಳಿದಿದ್ದ ಅನ್ನ ಬಳಿದು ಬಾಯಿಗೆ ಹಾಕ್ಕೊಂಡು, ಬಾಟ್ಲಿ ನೀರಲ್ಲಿ ಅಲ್ಲೇ ರಸ್ತೆ ಬದಿ ತೊಳೆಯೋಕೆ ಶುರು ಮಾಡಿದ್ಲು.